ಕಾಶಿಯ ಗದ್ದಲದಲ್ಲಿ ಪೈಲಟರ ಕಿವಿ ಅಳೆಯುವ ಶ್ರೀರಮಾಬಾಯಿ

ಬೆಳಗಿನ ಐದೂಕಾಲು. ಮಾಘದ ಚಳಿ. ಸೋನಾರ್‌ಪುರದ ದೊಡ್ಡ ರಸ್ತೆಯಿಂದ ಗಂಗೆಯ ಕಡೆಗೆ ಇಳಿಯುವ ಒಂದು ಗಲ್ಲಿ. ಅಲ್ಲಿನ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಕಿವಿ, ಮೂಗು, ಗಂಟಲಿನ ಸಣ್ಣ ದವಾಖಾನೆ. ಶ್ರೀರಮಾಬಾಯಿ ಬೀಗ ತೆಗೆದು ಒಳಗೆ ಬರುತ್ತಾರೆ. ಮೊದಲು ಔಷಧಿ ಇಡುವ ಫ್ರಿಜ್ಜಿನ ಪ್ಲಗ್ಗು ಕೀಳುತ್ತಾರೆ. ಗೋಡೆಯ ಗಡಿಯಾರವನ್ನು ಇಳಿಸಿ ಪಕ್ಕದ ಕೋಣೆಯ ಮಂಚದ ಮೇಲೆ ಕವುಚಿ ಹಾಕಿ, ಅದರ ಮೇಲೊಂದು ದಿಂಬು ಇಡುತ್ತಾರೆ. ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ ಎಂದು ಅದರ ಗುಂಡಿ ಮುಟ್ಟುವುದಿಲ್ಲ. ಮೂಲೆಯ ಸಣ್ಣ ಬಲ್ಬು ಸಾಕು. ಆಮೇಲೆ ಕಿಟಕಿಯಿಂದ ಬಗ್ಗಿ ಕೆಳಗಿನ ಚಹಾದಂಗಡಿಯವನಿಗೆ ಕೈಯೆತ್ತಿ ತೋರಿಸುತ್ತಾರೆ. ಅವನು ಶುಂಠಿ ಕುಟ್ಟುವುದನ್ನು ನಿಲ್ಲಿಸಿ, ಕಲ್ಲನ್ನು ಪಕ್ಕಕ್ಕಿಟ್ಟು, ಬೀಡಿ ಹಚ್ಚುತ್ತಾನೆ. ಹತ್ತು ವರ್ಷದಿಂದ ಅವರಿಬ್ಬರ ನಡುವೆ ಈ ಒಪ್ಪಂದ ನಡೆದುಬಂದಿದೆ.

ದವಾಖಾನೆಯ ಹಿಂಬದಿಯಲ್ಲಿ ಪ್ಲೈವುಡ್ಡಿನ ಒಂದು ಗೂಡು ಇದೆ. ನಮ್ಮ ಮನೆಗಳ ದೇವರ ಕೋಣೆಯಷ್ಟು ಅಗಲ. ಒಳಗೆಲ್ಲ ದಪ್ಪ ಸ್ಪಂಜು ಹೊಡೆದಿದ್ದಾರೆ. ಬಾಗಿಲಿಗೆ ಎರಡು ಪದರ ಕಂಬಳಿ. ಕಿವಿ ಪರೀಕ್ಷಿಸುವ ಪುಟ್ಟ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಶ್ರೀರಮಾಬಾಯಿ ಮೊದಲು ತಾವೇ ಅದರೊಳಗೆ ಕೂರುತ್ತಾರೆ. ಹೆಡ್‌ಫೋನಿನ ಕೆಂಪು ಗುರುತಿನದು ಬಲಗಿವಿಗೆ, ನೀಲಿ ಗುರುತಿನದು ಎಡಗಿವಿಗೆ. ಕಣ್ಣು ಮುಚ್ಚಿ, ಒಂದೊಂದೇ ಸದ್ದನ್ನು ಕೇಳುತ್ತಾರೆ.

“ನನ್ನ ಕಿವಿ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇರಬೇಕಲ್ರಿ? ಹೆಚ್ಚುಕಮ್ಮಿ ಬಂತಂದ್ರ ಒಂದೋ ಮಷೀನು ಕೆಟ್ಟದ, ಇಲ್ಲಾ ನನಗ ನೆಗಡಿ ಆಗ್ಯದ. ಎರಡರಾಗ ಯಾವುದಾದ್ರೂ ಅವತ್ತು ಪೈಲಟ್‌ಗೋಳನ್ನ ಕೂಡಸೂದಿಲ್ಲ” ಎನ್ನುತ್ತಾರೆ ಅವರು.

ಕೆಲವು ದಿನ ಆ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಒಬ್ಬಿಬ್ಬರು ಯುವಕರು ಬಂದು ಕೂತಿರುತ್ತಾರೆ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕೈಯಲ್ಲಿ ದಪ್ಪ ಕಡತ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಇವರು ವಿಮಾನ ಹಾರಿಸುವವರು. ಹೊರದೇಶದ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿರುವವರು. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಹೃದಯ, ಶ್ವಾಸ, ಸಕ್ಕರೆ ಎಲ್ಲವನ್ನೂ ತೋರಿಸಿ ಕಾಗದ ಪಡೆಯಬೇಕು. ಅಂಥ ಪರೀಕ್ಷೆಗೆ ಅಧಿಕಾರವಿರುವ ವೈದ್ಯರೊಬ್ಬರು ಊರಿನ ಇನ್ನೊಂದು ಕಡೆ ಇದ್ದಾರೆ. ಕಿವಿಯ ಭಾಗವನ್ನು ಮಾತ್ರ ಅವರು ಈ ಗಲ್ಲಿಗೆ ಕಳಿಸುತ್ತಾರೆ.

ನಿಯಮ ಕೇಳಲು ಸರಳ. ಐನೂರು, ಸಾವಿರ, ಎರಡು ಸಾವಿರ ಎಂದು ಕರೆಯುವ ಮೂರು ಸ್ವರಗಳಲ್ಲಿ ಕಿವಿ ಮೂವತ್ತೈದು ಡೆಸಿಬಲ್‌ಗಿಂತ ಹೆಚ್ಚು ಕುಂದಿರಬಾರದು. ಮೂರು ಸಾವಿರದ ಸಣ್ಣ ಸ್ವರದಲ್ಲಿ ಐವತ್ತಕ್ಕಿಂತ ಹೆಚ್ಚು ಕುಂದಿರಬಾರದು. ಅಂಕಿ ಕಡಿಮೆ ಇದ್ದಷ್ಟೂ ಕಿವಿ ಚುರುಕು. ಕಷ್ಟವಿರುವುದು ಅಳತೆಯಲ್ಲಿ. ಐನೂರರ ದಪ್ಪ ಸ್ವರ ಬೀದಿಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕಾಶಿಯಲ್ಲಿ ಬೀದಿ ಸುಮ್ಮನಿರುವುದೇ ಅಪರೂಪ. ಘಾಟಿನ ಬೆಳಗಿನ ಆರತಿಯ ಗಂಟೆ ನಿಂತ ಮೇಲೆ, ಇ-ರಿಕ್ಷಾಗಳು ಶಾಲೆಯ ಮಕ್ಕಳನ್ನು ತುಂಬಿಕೊಳ್ಳುವ ಮೊದಲು, ಹೆಚ್ಚೆಂದರೆ ಮುಕ್ಕಾಲು ಗಂಟೆ ಈ ಗಲ್ಲಿ ಉಸಿರು ಬಿಗಿಹಿಡಿಯುತ್ತದೆ. ಪ್ರಮಾಣಪತ್ರಕ್ಕೆ ಬರುವವರನ್ನು ಶ್ರೀರಮಾಬಾಯಿ ಆ ಹೊತ್ತಿನಲ್ಲಿ ಮಾತ್ರ ಕೂಡಿಸುತ್ತಾರೆ. ಒಬ್ಬರಿಗೆ ಹನ್ನೆರಡು ನಿಮಿಷ.

ನಾನು ಈ ಮಾಘವಿಡೀ ಕಾಶಿಯಲ್ಲಿದ್ದೆ. ತೀರಿಹೋದ ಹೆಂಡತಿಯ ಅಸ್ಥಿಯನ್ನು ತಂದಿದ್ದೆ. ಇಳಿದುಕೊಂಡದ್ದು ದಶಾಶ್ವಮೇಧದ ಬಳಿ, ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ವೇದವ್ಯಾಸಾಚಾರ್ಯರ ಮನೆಯಲ್ಲಿ. ಅವರ ಹೆಂಡತಿಯೇ ಶ್ರೀರಮಾಬಾಯಿ. ಬ್ರಾಹ್ಮೀ ಮುಹೂರ್ತದಲ್ಲಿ ಗಂಡ ಘಾಟಿಗೆ ಇಳಿದರೆ ಹೆಂಡತಿ ಟಾರ್ಚು ಹಿಡಿದು ಇನ್ನೊಂದು ದಿಕ್ಕಿಗೆ ಹೋಗುವುದನ್ನು ಕಂಡು, ಮೂರನೆಯ ದಿನ ಎಲ್ಲಿಗೆ ಎಂದು ಕೇಳಿದೆ. “ಕಿವಿ ನೋಡ್ಲಿಕ್ಕೆ” ಎಂದರು. ನಮ್ಮ ಮನೆಯವರಿಗೆ ಕೊನೆಯ ಎರಡು ವರ್ಷ ಕಿವಿ ಕೇಳುತ್ತಿರಲಿಲ್ಲ. ನಾನು ಗಟ್ಟಿಯಾಗಿ ಮಾತಾಡುವುದನ್ನು ಕಲಿತೆನೇ ಹೊರತು ಯಾರಿಗೂ ತೋರಿಸಲಿಲ್ಲ. ಆ ಕಾರಣಕ್ಕೋ ಏನೋ, ಮರುದಿನದಿಂದ ಅವರ ಹಿಂದೆಯೇ ಹೋಗತೊಡಗಿದೆ.

ಶ್ರೀರಮಾಬಾಯಿಗೆ ನಲವತ್ತಾರು ವರ್ಷ. ತವರು ಬಾಗಲಕೋಟೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಕಾಶಿಗೆ ಬಂದರು. ಬಿ.ಎಸ್ಸಿ. ಅರ್ಧಕ್ಕೆ ನಿಂತಿತು. ಹದಿನಾಲ್ಕು ವರ್ಷದ ಹಿಂದೆ, ಇಬ್ಬರು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಈ ದವಾಖಾನೆಯಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದರು. ಪರೀಕ್ಷೆ ಮಾಡುತ್ತಿದ್ದವನು ಹೇಳದೆ ಕೇಳದೆ ಬೇರೆ ಊರಿಗೆ ಹೋದಾಗ, ದವಾಖಾನೆಯ ಡಾಕ್ಟರು ಈಕೆಯ ಅಚ್ಚುಕಟ್ಟನ್ನು ಕಂಡು ಲಖನೌಗೆ ಆರು ತಿಂಗಳ ತರಬೇತಿಗೆ ಕಳಿಸಿದರು. ಮನೆಯಲ್ಲಿ ಅತ್ತೆ ತುಳಸಮ್ಮ ಒಪ್ಪಿರಲಿಲ್ಲ. ಈಗ ಎಂಬತ್ತೆರಡರ ಆ ಹಿರಿಯಾಕೆ ನನ್ನೆದುರೇ ಹೇಳಿದರು:

“ಕಾಶ್ಯಾಗ ಹುಟ್ಟಿದವರು ಗಂಟಿ ಕೇಳಲಿಕ್ಕೆ ಬದುಕ್ತಾರ. ನಮ್ಮ ಸೊಸಿ ಗಂಟಿ ಕೇಳಬಾರದಂತ ಪೆಟಗ್ಯಾಗ ಹೋಗಿ ಕೂಡ್ತಾಳ.”

“ನೀವೂ ಬಂದು ಕೂಡ್ರಿ ಅತ್ತಿಯವ್ರ, ಒಂದಿನಾನಾದ್ರೂ ನನ್ನ ಮಾತು ಕೇಳಿಸ್ತದ” ಎಂದರು ಒಳಗಿನಿಂದ ಸೊಸೆ.

ಅತ್ತೆಯ ಒಂದು ಕಟ್ಟಳೆ ಮಾತ್ರ ಇನ್ನೂ ಹಾಗೆಯೇ ಇದೆ. ಪರರ ಕಿವಿ ಮುಟ್ಟಿ ಬಂದವರು ಮತ್ತೆ ತಲೆಗೆ ನೀರು ಹಾಕಿಕೊಳ್ಳದೆ ಒಲೆ ಮುಟ್ಟುವಂತಿಲ್ಲ. ಹಾಗಾಗಿ ಈಕೆ ನಸುಕಿನಲ್ಲಿ ಒಮ್ಮೆ, ಎಂಟು ಗಂಟೆಗೆ ಮತ್ತೊಮ್ಮೆ ಸ್ನಾನ ಮಾಡಿ, ಮಡಿಯಲ್ಲಿ ಅಡುಗೆ ಮುಗಿಸಿ, ಹನ್ನೊಂದಕ್ಕೆ ಮತ್ತೆ ದವಾಖಾನೆಗೆ ನಡೆಯುತ್ತಾರೆ. ಹಗಲಿನಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಜನ. ಹೆಚ್ಚಿನವರು ವಿದ್ಯುತ್ ಮಗ್ಗದ ಸದ್ದಿನಲ್ಲಿ ಕಿವಿ ಸವೆದ ಸೀರೆ ನೇಯುವವರು. ಮದುವೆಯ ಬ್ಯಾಂಡಿನವರು, ರೈಲು ಓಡಿಸುವವರು, ಮಾತು ಬಾರದ ಕೂಸುಗಳು. ಪೈಲಟರು ತಿಂಗಳಿಗೆ ನಾಲ್ಕೈದು ಜನ ಅಷ್ಟೆ; ಉಳಿದ ನಸುಕುಗಳು ಕಾಗದ ಬೇಕಾದ ಬೇರೆ ಕೆಲಸದವರಿಗೆ. ಫಲಿತಾಂಶದ ಹಾಳೆಯ ಮೇಲೆ ಡಾಕ್ಟರ ಸಹಿ ಇರುತ್ತದೆ. ಕೆಳಗಿನ ಮೂಲೆಯಲ್ಲಿ ‘ಶ್ರೀ’ ಎಂಬ ಒಂದಕ್ಷರ ಇರುತ್ತದೆ. ಅದನ್ನು ಈವರೆಗೆ ಯಾರೂ ಯಾರದ್ದೆಂದು ಕೇಳಿಲ್ಲ.

ಒಂದು ಗುರುವಾರ ಬೆಳಗ್ಗೆ ಬೆಂಚಿನ ಮೇಲೆ ಕನ್ನಡ ಕೇಳಿಸಿತು. ಗದಗದ ಕ್ಯಾಪ್ಟನ್ ತೋಂಟೇಶ, ಮೂವತ್ತಾರು ವರ್ಷ, ಜೊತೆಗೆ ತಾಯಿ ಕಾಶಮ್ಮ. ತಂದೆ ಬಸ್ಸು ಓಡಿಸುತ್ತಿದ್ದವರು, ಈಗಿಲ್ಲ. ತೋಂಟೇಶ ಕೆಲಸಕ್ಕಿದ್ದ ವಿಮಾನ ಕಂಪನಿ ಮುಚ್ಚಿ ಹನ್ನೊಂದು ತಿಂಗಳಾಗಿತ್ತು. ಕೊಲ್ಲಿ ದೇಶದ ಒಂದು ಕಂಪನಿ ಕರೆದಿತ್ತು. ವೈದ್ಯಕೀಯ ಕಾಗದಗಳೆಲ್ಲ ಶನಿವಾರ ಸಂಜೆಯೊಳಗೆ ಕೈಸೇರಬೇಕು. ತಪ್ಪಿದರೆ ಆ ತಂಡ ಹೋಯಿತು. ಮುಂದಿನ ತಂಡ ಒಂದು ವರ್ಷದ ಮೇಲೆ. ಅಷ್ಟು ದಿನ ವಿಮಾನ ಮುಟ್ಟದವನನ್ನು ಯಾರೂ ಕರೆಯುವುದಿಲ್ಲ. ದೊಡ್ಡ ಊರುಗಳಲ್ಲಿ ಪರೀಕ್ಷೆಯ ಸರದಿ ವಾರಗಟ್ಟಲೆ ತುಂಬಿದ್ದರಿಂದ, ಅಕ್ಕನ ಗಂಡ ರುದ್ರಪ್ಪ ರೈಲ್ವೆಯಲ್ಲಿ ಕೆಲಸಕ್ಕಿರುವ ಈ ಊರಿಗೆ ಬಂದಿದ್ದ. ಉಳಿದ ಪರೀಕ್ಷೆಗಳೆಲ್ಲ ಸರಿಯಾಗಿ ಮುಗಿದಿದ್ದವು. ಉಳಿದದ್ದು ಕಿವಿ ಮಾತ್ರ. ಹೆಸರಿನಲ್ಲೇ ಕಾಶಿಯಿದ್ದರೂ ಅರವತ್ತೇಳು ವರ್ಷ ಕಾಶಿ ಕಾಣದಿದ್ದ ತಾಯಿ, ನಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದರು.

ತೋಂಟೇಶ ಗೂಡಿನಲ್ಲಿ ಕೂತ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದರೆ ಹೊರಗೊಂದು ಕೆಂಪು ದೀಪ ಹತ್ತುತ್ತದೆ. ಶ್ರೀರಮಾಬಾಯಿ ಸದ್ದನ್ನು ಹತ್ತು ಇಳಿಸಿ, ಐದು ಏರಿಸಿ, ಮತ್ತೆ ಇಳಿಸಿ ನೋಡುತ್ತಿದ್ದರು. ದೀಪ ತಡವಾಗಿ ಹತ್ತುತ್ತಿತ್ತು. ಬಲಗಿವಿ ಐನೂರರಲ್ಲಿ ನಲವತ್ತೈದು. ಸಾವಿರದಲ್ಲಿ ನಲವತ್ತೈದು. ಎಡಗಿವಿ ನಲವತ್ತು. ನಿಯಮದ ಪ್ರಕಾರ ಇಲ್ಲಿಗೆ ಕತೆ ಮುಗಿಯಿತು.

ಆದರೆ ಅವರು ಫಾರ್ಮಿನ ಮೇಲೆ ಬರೆಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದರು. ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಒತ್ತಿಡುವ ಇನ್ನೊಂದು ಸಲಕರಣೆ ಹಾಕಿದರು. ಅದರ ಸದ್ದು ಕಿವಿಯ ರಂಧ್ರದ ಮೂಲಕ ಹೋಗದೆ ಎಲುಬಿನಿಂದ ನೇರ ಒಳಕ್ಕೆ ಇಳಿಯುತ್ತದೆ. ಅದರಲ್ಲಿ ಬರೀ ಹತ್ತು! ಒಳಗಿನ ಕಿವಿ ಚೊಕ್ಕವಾಗಿದೆ, ದಾರಿಯಲ್ಲಿ ಏನೋ ಅಡ್ಡ ಬಂದಿದೆ ಎಂದು ಅದರ ಅರ್ಥ. ಅವರು ಹೆಡ್‌ಫೋನಿನ ಮೆತ್ತೆಯನ್ನು ಮೂಗಿನ ಹತ್ತಿರ ತಂದರು.

“ಕ್ಯಾಪ್ಟನ್ ಸಾಹೇಬ್ರ, ಕಿವಿಗೆ ಏನಾರ ಹಾಕ್ಕೊಂಡೀರೇನು?”

“ಇಲ್ಲ ಮೇಡಂ.”

“ಇನ್ನೊಮ್ಮೆ ಕೇಳ್ತೀನಿ. ನಮ್ಮನ್ಯಾಗ ಬೆಳ್ಳುಳ್ಳಿ ಹೊಸ್ತಿಲಾ ದಾಟಂಗಿಲ್ಲ. ಇಪ್ಪತ್ತೇಳು ವರ್ಷ ಆತು. ಯಾರ ಮನ್ಯಾಗ ಒಗ್ಗರಣಿ ಹಾಕಿದ್ರೂ ನನ್ನ ಮೂಗಿಗೆ ಮೊದಲು ಗೊತ್ತಾಗ್ತದ.”

ಇನ್ನೂರು ಜನರನ್ನು ಹೊತ್ತು ಮೋಡದಲ್ಲಿ ಹಾರುವ ಕ್ಯಾಪ್ಟನ್ ತಲೆ ತಗ್ಗಿಸಿದ. ಉತ್ತರ ಬೆಂಚಿನಿಂದ ಬಂತು.

“ನಾನ ಹಾಕೀನಿ. ಯಾಕ, ತಪ್ಪಾತೇನು?” ಎಂದರು ಕಾಶಮ್ಮ. ಒಳ್ಳೆಯ ಕೆಲಸಕ್ಕೆ ಹೊರಟ ಮಗನನ್ನು ಅವರು ಹಿಂದಿನ ದಿನವೂ ಅಂದು ನಸುಕಿನಲ್ಲೂ ಗಂಗೆಯಲ್ಲಿ ಮೂರು ಮೂರು ಮುಳುಗು ಹಾಕಿಸಿದ್ದರು. ಕಿವಿಯಲ್ಲಿ ನೀರು ನಿಂತಿದೆ ಎಂದು ಅವನು ಹೇಳಿದ್ದಕ್ಕೆ ಮಗಳ ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ನಾಲ್ಕು ನಾಲ್ಕು ಹನಿ ಬಿಟ್ಟು, ಹತ್ತಿ ಇಟ್ಟಿದ್ದರು. “ಸಣ್ಣಾಂವ ಇದ್ದಾಗಿಂದ ಹಾಕೀನವ್ವ. ಹೆಂಗ ಕೇಳ್ತಿದ್ದ ಗೊತ್ತೈತೇನ? ನಾ ಉಂಡಿ ಡಬ್ಬಿ ಮುಚ್ಚಳಾ ತಗದ್ರ ಓಣಿ ತುದೀಲಿಂದ ಓಡಿ ಬರ್ತಿದ್ದ!”

“ಅವ್ವಾ, ಸಾಕು ಬಿಡು” ಎಂದ ಕ್ಯಾಪ್ಟನ್.

ಡಾಕ್ಟರು ಏಳಕ್ಕೆ ಬಂದು ನೋಡಿದರು. ನೀರಿಗೂ ಎಣ್ಣೆಗೂ ಕಿವಿಯ ಗುಗ್ಗೆ ನೆನೆಹಾಕಿದ ಕಡಲೆಯಂತೆ ಉಬ್ಬಿ ದಾರಿ ಮುಚ್ಚಿತ್ತು. ತೆಗೆದರು. ಒಳಗಿನ ಚರ್ಮ ಕೆಂಪಾಗಿ ಊದಿತ್ತು. ಎರಡು ದಿನ ಕಿವಿಗೆ ಒಂದು ಹನಿಯೂ ತಾಕಬಾರದು, ಶನಿವಾರ ಬೆಳಗ್ಗೆ ಮತ್ತೆ ಅಳೆಯೋಣ ಎಂದರು. ಆಗಲೂ ಊತ ಇಳಿಯದಿದ್ದರೆ? ಈ ತಂಡ ತಪ್ಪಿದಂತೆಯೇ.

ಡಾಕ್ಟರು ಒಳಗೆ ಹೋದ ಮೇಲೆ ಕಾಶಮ್ಮ ಶ್ರೀರಮಾಬಾಯಿಯ ಕೈ ಹಿಡಿದರು. “ತಂಗೀ, ಎಲುಬು ಸರಿ ಐತಿ ಅಂತ ನೀನ ಅಂದಿ. ಅದನ್ನ ಬರದ ಕೊಟ್ಟುಬಿಡು. ನಾಕು ಅಂಕಿ ಬರದ್ರ ನಿನ್ನ ಗಂಟೇನು ಹೊಕ್ಕೈತಿ?”

“ಎಲುಬಿನ ಅಂಕಿ ಎಲುಬಿನ ಜಾಗಾದಾಗ ಬರೀತೀನ್ರಿ ಅಮ್ಮಾರ. ಕಿವಿ ಜಾಗಾದಾಗ ಬರಿಯಂಗಿಲ್ಲ.”

“ನಮ್ಮ ಕಡೆಯಾಕಿ ಅಂತ ಕೇಳಿದ್ನಿ.”

“ನಮ್ಮ ಕಡೆಯವರು ಅಂತನ ಹೇಳ್ತೀನ್ರಿ. ಅಲ್ಲಿ ಇಳದ ಮರುದಿನ ಅವರೂ ಇಂಥಾದ್ದ ಒಂದು ಕೋಣ್ಯಾಗ ಕೂಡಸ್ತಾರ. ಅಲ್ಲಿ ನಾನೂ ಇರಂಗಿಲ್ಲ, ನೀವೂ ಇರಂಗಿಲ್ಲ. ಇವರೊಬ್ಬರ ಕೂಡಬೇಕು. ನನ್ನ ಅಂಕಿ ಒಂದು, ಅವರದೊಂದು ಬಂತಂದ್ರ ಕಿವಿ ಕೆಟ್ಟದ ಅನ್ನಂಗಿಲ್ಲ, ಮನಶ್ಯಾ ಸುಳ್ಳ ಅಂತಾರ. ಆ ಮಾತು ಯಾವ ಡಾಕ್ಟರಗೂ ತೊಳಿಲಿಕ್ಕೆ ಬರಂಗಿಲ್ಲ.”

ಕಾಶಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನನ್ನ ಕೈಯಾರೆ ಮಗನ ಅನ್ನ ಕಸದ್ನ್ಯೇನವಾ.”

“ಎಣ್ಣಿ ಹಾಕಿದ್ದಕ್ಕ ಯಾರ ಅನ್ನಾನೂ ಹೋಗಂಗಿಲ್ಲ. ನಮ್ಮವ್ವಾನೂ ಹಾಕ್ತಿದ್ಲು. ಬೆಳ್ಳುಳ್ಳಿ ನಡಿಯಂಗಿಲ್ಲಲ್ಲ, ಇಂಗು ಹಾಕಿ ಕಾಸ್ತಿದ್ಲು” ಎಂದರು ಶ್ರೀರಮಾಬಾಯಿ. ಅಳುತ್ತಿದ್ದ ಮುದುಕಿಗೆ ನಗು ಬಂತು.

ಶನಿವಾರ ನಸುಕಿನಲ್ಲಿ ನಾವು ಗಲ್ಲಿಯ ತಿರುವಿಗೆ ಬಂದಾಗಲೇ ಶ್ರೀರಮಾಬಾಯಿ ನಿಂತುಬಿಟ್ಟರು. ದವಾಖಾನೆಯ ಪಕ್ಕದ ಮನೆಯ ಅಂಗಳದಲ್ಲಿ ಹಿಂದಿನ ಸಂಜೆಯಿಂದ ಅಖಂಡ ನಾಮಕೀರ್ತನೆ ಕೂತಿತ್ತು. ಢೋಲಕ್, ತಾಳ, ಎರಡು ಧ್ವನಿವರ್ಧಕ. ಅವುಗಳಲ್ಲೊಂದರ ಬಾಯಿ ನೇರ ದವಾಖಾನೆಯ ಕಿಟಕಿಗೇ ತಿರುಗಿತ್ತು. ತಾಯಿ ಮಗ ಬೆಂಚಿನ ಮೇಲೆ ಆಗಲೇ ಬಂದು ಕೂತಿದ್ದರು. ಶ್ರೀರಮಾಬಾಯಿ ಎಂದಿನಂತೆ ಗೂಡಿನೊಳಗೆ ಕೂತು ತಮ್ಮ ಕಿವಿ ಅಳೆದುಕೊಂಡರು. ದಿನವೂ ಹತ್ತು ಬರುವ ಐನೂರರ ಸ್ವರದಲ್ಲಿ ಅಂದು ಮೂವತ್ತೈದು ಬಂತು.

“ಇದರಾಗ ಯಾರನ್ನ ಕೂಡಿಸಿದ್ರೂ ಫೇಲ್” ಎಂದು ಎದ್ದು ಕೆಳಗಿಳಿದರು. ನಾನೂ ಹಿಂದೆ ಹೋದೆ. ಹಾಡಿಸುತ್ತಿದ್ದವರು ದೋಣಿ ನಡೆಸಿ ಕೈ ಗಟ್ಟಿಯಾದ ಒಬ್ಬ ಹಿರಿಯರು. ಗಲ್ಲಿಗೆಲ್ಲ ಅವರು ಚಾಚಾ. ಮಾತು ಹಿಂದಿಯಲ್ಲಿ ನಡೆಯಿತು.

“ಚಾಚಾ, ಹನ್ನೆರಡು ನಿಮಿಷ ಸದ್ದು ನಿಲ್ಲಿಸಿಕೊಡಿ. ಒಬ್ಬರ ಕೆಲಸದ ಪ್ರಶ್ನೆ.”

“ಇದು ಅಖಂಡ, ಬಹೂ. ನಿಲ್ಲಿಸಿದರೆ ಖಂಡವಾಗುತ್ತದೆ. ಹನ್ನೊಂದು ತಾಸಿನ ಪುಣ್ಯವನ್ನು ನಿನ್ನ ಮಷೀನಿಗೆ ಹಾಕಲೇ?”

“ನಾಮ ನಿಲ್ಲಿಸಬೇಡಿ. ಮೈಕು ಬಿಡಿ, ಢೋಲಕ್ ಬಿಡಿ. ಬಾಯಲ್ಲಿ ಮೆಲ್ಲಗೆ ಹೇಳುತ್ತಿರಿ. ಎಲ್ಲಿ ಖಂಡವಾಯಿತು?”

“ಮೈಕಿಲ್ಲದೆ ಭಗವಂತನಿಗೆ ಕೇಳಿಸಬೇಡವೇ, ಭಾಭಿ?” ಎಂದ ತಾಳದವನು.

“ಕೇಳಿಸದಿದ್ದರೆ ಮೇಲಕ್ಕೆ ಕರೆದುಕೊಂಡು ಬಾ. ಅವರದೂ ಪರೀಕ್ಷೆ ಮಾಡುತ್ತೇನೆ, ಪುಕ್ಕಟೆ.”

ಅಂಗಳವೆಲ್ಲ ನಕ್ಕಿತು. ಚಾಚಾ ಮಾತ್ರ ನಗಲಿಲ್ಲ. ಢೋಲಕ್ಕಿನ ಮೇಲೆ ತಮ್ಮ ಶಾಲು ಹೊದಿಸಿ, ಮೈಕಿನ ತಂತಿಯನ್ನು ತಾವೇ ಕಿತ್ತರು. ಇಪ್ಪತ್ತು ಜನ ಕಣ್ಣು ಮುಚ್ಚಿ, ತುಟಿಯಲ್ಲಿ ಮಾತ್ರ ನಾಮ ಹೇಳತೊಡಗಿದರು. ಎಷ್ಟೋ ಕೀರ್ತನೆಗಳಲ್ಲಿ ಕೂತವನು ನಾನು. ಭಗವಂತನ ಹೆಸರನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಅಂದೇ.

ಮೇಲೆ ತೋಂಟೇಶ ಗೂಡಿನೊಳಗೆ ಹೋದ. ಬಾಗಿಲಿನ ಕಂಬಳಿ ಇಳಿಯಿತು. ಕಾಶಮ್ಮ ಏನೋ ಪಿಸುಗುಡುತ್ತಿದ್ದರು. ಶ್ರೀರಮಾಬಾಯಿ ಬೆರಳೆತ್ತಿ ತೋರಿಸಿದ ಮೇಲೆ ಅದೂ ನಿಂತು ತುಟಿ ಮಾತ್ರ ಆಡಿತು. ಆ ತಾಯಿಯ ಕಣ್ಣು ಕೆಂಪು ದೀಪದ ಮೇಲೆ ನೆಟ್ಟಿತ್ತು. ದೀಪ ಹತ್ತಿತು. ಆರಿತು. ಬಹಳ ಹೊತ್ತು ಹತ್ತಲಿಲ್ಲ. ಆ ಮುದುಕಿ ನನ್ನ ಕೈಯನ್ನು ಯಾರದೆಂದೂ ನೋಡದೆ ಹಿಡಿದುಕೊಂಡರು. ಮತ್ತೆ ಹತ್ತಿತು. ಶ್ರೀರಮಾಬಾಯಿ ಒಮ್ಮೆಯೂ ತಲೆ ಎತ್ತದೆ, ಈ ಸಲ ಫಾರ್ಮಿನ ಮೇಲೆಯೇ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು ಹಾಕುತ್ತ ಹೋದರು. ಮುಗಿದ ಮೇಲೆ ಐನೂರರ ಸ್ವರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕಿಟಕಿಗೆ ಹೋಗಿ ಅಂಗಳದ ಕಡೆಗೆ ಕೈ ಬೀಸಿದರು. ಢೋಲಕ್ ಗುಡುಗಿತು.

“ಬಲಗಿವಿ ಐನೂರರಾಗ ಇಪ್ಪತ್ತು, ಸಾವಿರದಾಗ ಹದಿನೈದು, ಎರಡು ಸಾವಿರದಾಗ ಇಪ್ಪತ್ತು, ಮೂರು ಸಾವಿರದಾಗ ಮೂವತ್ತು. ಎಡಗಿವೀನೂ ಹಂಗ ಅದ” ಎಂದು ಓದಿದರು. ಕಾಶಮ್ಮನಿಗೆ ಅಂಕಿ ತಿಳಿಯಲಿಲ್ಲ; ಮಗನ ಮುಖ ನೋಡಿ ತಿಳಿದುಕೊಂಡರು. ಡಾಕ್ಟರ ಸಹಿಯಾಗಿ ಕಾಗದ ಮಧ್ಯಾಹ್ನದೊಳಗೆ ಹೋಯಿತು. ತಾಯಿ ಮಗ ಹೊರಡುವಾಗ ಶ್ರೀರಮಾಬಾಯಿ ಹೇಳಿದ ಮಾತು ಒಂದೇ: “ಅಲ್ಲಿ ಹೋಗಿ ಕೂತು ಬರೂತನಕ ಮುಗದಿಲ್ಲರಿ. ಅಂಕಿ ಬಂದ ಮ್ಯಾಲೆ ತಿಳಸ್ರಿ.”

ಅದಾಗಿ ಮೂರು ವಾರ ಅವರು ಆ ವಿಷಯ ಎತ್ತಲಿಲ್ಲ. ಬೇರೆ ಪೈಲಟರು ಬಂದರು, ಹೋದರು. ಹಗಲು ನೇಕಾರರ ಸಾಲು ಎಂದಿನಂತೆ ಇತ್ತು. ಆದರೆ ಫೋನು ಸದ್ದು ಮಾಡಿದಾಗಲೆಲ್ಲ ಅವರು ಒಂದು ಕ್ಷಣ ತಡೆದು ನೋಡುತ್ತಿದ್ದುದನ್ನು ನಾನು ಕಂಡೆ. ಹತ್ತು ವರ್ಷದಲ್ಲಿ ಐನೂರರಷ್ಟು ಪೈಲಟರನ್ನು ಆ ಗೂಡಿನಲ್ಲಿ ಕೂಡಿಸಿದ್ದಾರೆ. ಹೋದಲ್ಲಿ ಏನಾಯಿತೆಂದು ತಿರುಗಿ ಹೇಳಿದವರು ಒಂಬತ್ತು ಜನ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. “ಬ್ಯಾರೆ ಏನಿಲ್ಲರಿ. ನಾ ಅಳದದ್ದು ಸರಿ ಇತ್ತೋ ಇಲ್ಲೋ ಅಂತ ಒಂದು ಮಾತು ಹೇಳಿದ್ರ ಸಾಕು.”

ನಾನು ಊರಿಗೆ ಹೊರಡುವ ಹಿಂದಿನ ದಿನ, ಸಂಜೆ ಅವರು ಹಗಲಿನ ರಿಜಿಸ್ಟರು ಮುಗಿಸುತ್ತಿದ್ದಾಗ ಫೋನು ಬಂತು. ತೋಂಟೇಶ. ನನಗೂ ಕೇಳಿಸಲೆಂದು ಅವರು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

“ಮೇಡಂ, ಪಾಸಾತ್ರಿ! ಸೋಮವಾರದಿಂದ ಟ್ರೇನಿಂಗು. ಇಲ್ಲಿ ಕೋಣಿ ಬ್ಯಾಂಕಿನ ತಿಜೋರಿ ಇದ್ದಂಗೈತಿ. ಒಳಗ ಕುಂತ್ರ ನನ್ನ ಎದಿ ಬಡಿಯೂದು ನನಗ ಕೇಳಸ್ತಿತ್ತು. ಅವ್ವಗೂ ಫೋನ್ ಮಾಡಿ ಹೇಳೀನಿ.”

ಶ್ರೀರಮಾಬಾಯಿ ಸಂತೋಷ ಎನ್ನಲಿಲ್ಲ. ರಿಜಿಸ್ಟರಿನ ಹಿಂದಿನ ಹಾಳೆಗಳನ್ನು ತಿರುವಿ ಆ ಶನಿವಾರವನ್ನು ಹುಡುಕಿ, ಬೆರಳಿಟ್ಟರು.

“ಅಂಕಿ ಹೇಳ್ರಿ. ಬಲಗಿವಿ. ಮೂರು ಸಾವಿರ?”

“ಮೂವತ್ತು.”

“ಎರಡು ಸಾವಿರ?”

“ಇಪ್ಪತ್ತು.”

“ಸಾವಿರ?”

“ಹದಿನೈದು.”

ಬೆರಳು ಒಂದೊಂದೇ ಮನೆ ದಾಟುತ್ತಿತ್ತು. “ಐನೂರು?”

“ಹದಿನೈದು ಬಂತ್ರಿ. ನೀವು ಇಪ್ಪತ್ತು ಬರದಿದ್ರಿ” ಎಂದ ತೋಂಟೇಶ, ಅವರಿಗೆ ಬೇಜಾರಾದೀತೆಂದು ದನಿ ತಗ್ಗಿಸಿ. “ಐದು ಹೆಚ್ಚುಕಮ್ಮಿ ಆಗೈತಿ.”

ಕೆಳಗೆ ಇ-ರಿಕ್ಷಾಗಳು ಒಂದರ ಹಿಂದೊಂದು ಹಾರನ್ ಹೊಡೆಯುತ್ತಿದ್ದವು. ಶ್ರೀರಮಾಬಾಯಿ ರಿಜಿಸ್ಟರು ಮುಚ್ಚಿ, ಮುಖವಿಡೀ ನಕ್ಕರು.

“ಆಗಲೇಬೇಕಲ್ರಿ. ಆ ಐದು ನಿಮ್ಮ ಕಿವೀದಲ್ಲ, ನಮ್ಮ ಗಲ್ಲೀದು.”